ಇಂಟರ್‌ನೆಟ್ಟಿನ ಭವಿಷ್ಯ ಮೊದಲು ಹೇಳಿದವಳು ನಾನೇ

ಇಂಟರ್‌ನೆಟ್ಟು ಮುಂದೆ ಹೇಗೆ ಬೆಳೆಯುತ್ತದೆ ಎಂದು ಶಿಡ್ಲಘಟ್ಟದಲ್ಲಿ ಮೊದಲು ಹೇಳಿದವಳು ನಾನು. ಓದಿದವರು ಯಾರೂ ಹೇಳಿರಲಿಲ್ಲ. ನನಗೆ ಬರುತ್ತಿದ್ದದ್ದು ರುಜು ಹಾಕುವುದು, ಬಸ್ಸಿನ ಬೋರ್ಡು ಓದುವುದು, ಎರಡೇ. ಅಷ್ಟು ಸಾಕಾಯಿತು!

ತೊಂಬತ್ತರ ದಶಕದ ಕೊನೆ. ರೇಷ್ಮೆ ನೂಲು ತೆಗೆಯುವ ಸತ್ತಾರ್ ಸಾಹೇಬರ ಸೊಸೆ ಮುಮ್ತಾಜ್ ಮನೆಗೆ ಕಂಪ್ಯೂಟರ್ ತರಿಸಿದಳು. ಬೀದಿಗೆಲ್ಲ ಇದ್ದ ಒಂದೇ ಫೋನಿನ ತಂತಿಯನ್ನು ಅದರ ಬೆನ್ನಿಗೆ ಸಿಕ್ಕಿಸಿದಳು. ರಾಮನಗರದ ಅವಳ ತಮ್ಮ ಕಳಿಸಿದ ಮಗುವಿನ ಫೋಟೋ ಗೆರೆ ಗೆರೆಯಾಗಿ ಇಳಿಯಿತು. ಕೂದಲು ಕಂಡ ಮೇಲೆ ಕಣ್ಣು ಕಾಣುವಷ್ಟರಲ್ಲಿ ನನ್ನ ಎಲೆಅಡಿಕೆ ಮುಗಿದಿತ್ತು.

"ಇದು ಇಷ್ಟೇ ಪಾಪಕ್ಕ, ಬಲೇ ನಿಧಾನ."

"ಇಷ್ಟೇ ಅಲ್ಲ ಕಣಮ್ಮ. ರೇಷ್ಮೆ ಹುಳ ಮರೀಲಿ ಒಂದು ಹಿಡಿ ಸೊಪ್ಪು ತಿಂತದೆ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ? ಗಾಡಿ ತುಂಬ ತಂದ್ರೂ ಸಾಲದು! ನಿನ್ನ ತಂತೀನೂ ಈಗ ಮರಿ. ಮುಂದೆ ಮನೆಮನೆಗೂ ಈ ಪೆಟ್ಟಿಗೆ ಬರ್ತದೆ, ಫೋಟೋ ಮೊರದಲ್ಲಿ ಸುರಿದಂಗೆ ಸುರೀತದೆ."

"ಎಷ್ಟು ದಿನಕ್ಕೆ?"

"ಹುಳಕ್ಕೆ ಇಪ್ಪತ್ತಾರು ದಿನ. ತಂತಿಗೆ ಒಂದು ತಿಂಗಳು ಇಟ್ಕೋ."

ತಿಂಗಳು ಕಳೆಯಿತು. ನಮ್ಮ ಮನೆಯಲ್ಲಿ ಗೂಡು ಬಿಡಿಸಿದೆವು. ಅಂಥ ಗಟ್ಟಿ ಗೂಡು ನಾನು ಹಿಂದೆ ಕಂಡಿರಲಿಲ್ಲ. ಮಾರಲು ಮೂರೇ ದಿನ. ತಡವಾದರೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಆಮೇಲೆ ನೂಲು ತೆಗೆಯಲಾಗದು.

"ಇಲ್ಲೇ ಮಾರ್ಕೆಟ್ಟಿಗೆ ಹಾಕಣ ಕಣೇ," ಎಂದರು ಯಜಮಾನರು.

"ರಾಮನಗರದಲ್ಲಿ ರೇಟು ಜಾಸ್ತಿ ಇದ್ರೆ? ನೀವು ಹೋಗಿ ನೋಡಿ. ರೇಟಿನ ಬೋರ್ಡಿನ ಫೋಟೋ ಮುಮ್ತಾಜ್ ತಮ್ಮ ಕಳಿಸ್ತಾನೆ."

"ಫೋನಲ್ಲಿ ಹೇಳಿದ್ರೆ ಆಗಲ್ವಾ?"

"ಫೋನಲ್ಲಿ ಹೇಳಿದ್ದು ಮಾತು. ಫೋಟೋ ಸಾಕ್ಷಿ! ತಿಂಗಳಾಯ್ತಲ್ಲ, ತಂತಿ ಬಲಿತಿರ್ತದೆ."

ಬಲಿತಿರಲಿಲ್ಲ. ಮೊದಲ ದಿನ ರಾಮನಗರದ ಆಕಾಶ ಬಂತು. ಲೈನು ಕಡಿಯಿತು. ಮತ್ತೆ ಮೊದಲಿಂದ ಆಕಾಶ. ಎರಡನೆಯ ದಿನ ಮಾರ್ಕೆಟ್ಟಿನ ಸೂರು, ಅದರ ಮೇಲೆ ಅರ್ಧ ಕಾಗೆ. ಊಟ, ನಿದ್ದೆ ಎಲ್ಲ ಅಲ್ಲೇ. ಮನೆ ಕಡೆ ನಾನು ತಲೆ ಹಾಕಲಿಲ್ಲ.

"ಪಾಪಕ್ಕ, ಆರಿಸ್ಲಾ?"

"ಮುಟ್ಟಬೇಡ! ಪೊರೆ ಬಿಡೋ ಹುಳಾನ ಯಾರಾದ್ರೂ ಅಲ್ಲಾಡಿಸ್ತಾರಾ?"

ಮೂರನೆಯ ದಿನ ಪೂರ್ತಿ ಕಾಗೆ ಬಂತು. ನಾಲ್ಕನೆಯ ದಿನ ಬೋರ್ಡಿನ ಮೇಲಂಚು ಕಂಡಿತು. ಅದರ ಹಿಂದೆಯೇ ಯಜಮಾನರು ಬಸ್ಸಿಳಿದು ಓಡಿ ಬಂದರು!

"ಮೂರು ದಿನದಿಂದ ಫೋನ್ ಮಾಡ್ತಿದೀನಿ ಕಣೇ! ಯಾವಾಗ ಮಾಡಿದ್ರೂ ಎಂಗೇಜು! ಅಲ್ಲಿ ಭಾರಿ ರೇಟಿತ್ತು, ಗೂಡು ತಗೊಂಬಾ ಅನ್ನಣ ಅಂದ್ರೆ ಸಿಕ್ಕಿದ್ರೆ ತಾನೇ? ಇವತ್ತು ಸಿಗ್ತದೆ, ನಾಳೆ ಸಿಗ್ತದೆ ಅಂತ ಕಾದು ಕಾದು..."

ಮುಮ್ತಾಜ್ ಸೆರಗು ಬಾಯಿಗಿಟ್ಟುಕೊಂಡಳು. "ಇದು ಓಡ್ತಿದ್ರೆ ಫೋನ್ ಬರಲ್ಲ ಪಾಪಕ್ಕ. ತಂತಿ ಒಂದೇ ಅಲ್ವಾ?"

ಮನೆಗೆ ಓಡಿದೆವು. ಗೂಡೆಲ್ಲ ತೂತು. ಚಿಟ್ಟೆಗಳು ಜೋಡಿ ಜೋಡಿಯಾಗಿ ರೆಕ್ಕೆ ಬಡಿಯುತ್ತಿದ್ದವು.

"ನೂರಾರು ಮದುವೆ ಮಾಡಿಸಿದ್ದೀಯ. ಪುಣ್ಯಾತ್ಗಿತ್ತಿ!" ಎಂದು ಯಜಮಾನರು ಕುಕ್ಕರಿಸಿದರು.

ಈಗ ನೋಡಿ, ಎಲ್ಲರ ಕೈಯಲ್ಲೂ ಫೋಟೋ ಮೊರಗಟ್ಟಲೆ ಸುರಿಯುತ್ತಿದೆ. ನನ್ನ ಮಾತು ಒಂದೂ ಸುಳ್ಳಾಗಲಿಲ್ಲ. ದಿನದ ಲೆಕ್ಕ ಮಾತ್ರ ಒಂದಿಷ್ಟು ಹೆಚ್ಚುಕಡಿಮೆ!

ಯಜಮಾನರು ಓಡಿ ಬಂದ ಆ ವಾರವೇ ಬೀದಿಯ ಹೆಂಗಸರೆಲ್ಲ ಸೇರಿ, ಕಂಪ್ಯೂಟರಿಗೆ ಭವಿಷ್ಯ ಹೇಳಿದ ಮೊದಲ ಹೆಂಗಸೆಂದು ನನಗೆ ಸನ್ಮಾನ ಮಾಡಿದರು. ರೇಷ್ಮೆಗೂಡಿನ ಹಾರ, ಮೊಣಕಾಲವರೆಗೆ! ತಲೆಯೆತ್ತಿ ಹಾಕಿಸಿಕೊಂಡೆ. ಅಷ್ಟು ಉದ್ದದ ಹಾರ ನಮ್ಮ ಕಡೆ ಮಂತ್ರಿಗಳಿಗೂ ಬಿದ್ದಿರಲಾರದು.

ಗೂಡುಗಳೆಲ್ಲ ನಮ್ಮ ಮನೆಯವೇ.