ಮೂಲಂಗಿಗೆ ಸಿಟ್ಟು ಕಲಿಸಿದ್ದು

ಈ ಬೇಸಿಗೆಯಲ್ಲಿ ವಿಲಾಯತಿಯ ಪಿನ್ನರ್ ಊರಿನ ಯಾವ ಹುಳುವೂ ತಮ್ಮ ಮೂಲಂಗಿ ಎಲೆಗೆ ಬಾಯಿ ಹಾಕಕೂಡದು ಎಂದು ಪರಪ್ಪನವರು ಪ್ರತಿಜ್ಞೆ ಮಾಡಿದರು. ಹುಳುವಿನ ಅಪ್ಪ ಬಂದರೂ ಬಿಡುವುದಿಲ್ಲ!

ಅದು ಅಂತಿಂಥ ಮೂಲಂಗಿಯಲ್ಲ. ಹೆಂಡತಿ ಗಿರಿಜಾದೇವಿ ವಿಜಯಪುರದಿಂದ ಸೆರಗಿನ ತುದಿಗೆ ಕಟ್ಟಿಕೊಂಡು ಬಂದ ಬೀಜದ ಸಂತಾನ. ಚಳಿಗಾಲದಲ್ಲಿ ಆಕೆ ತೀರಿಹೋದ ಮೇಲೆ ಡಬ್ಬಿಯಲ್ಲಿ ಉಳಿದದ್ದು ಒಂದು ಚಿಟಿಕೆ. ಅಷ್ಟನ್ನೂ ಬಿತ್ತಿದ್ದಾಗಿತ್ತು. ಇವು ಹೂಬಿಟ್ಟು ಕಾಯಾಗದಿದ್ದರೆ ಆ ವಂಶ ಹಿತ್ತಲಿನ ಕುಂಡದಲ್ಲೇ ಮುಗಿದಂತೆ.

ರೊಟ್ಟಿಗೆ ಹಸಿ ಎಲೆ ಚಿವುಟುವಾಗ ಗಿರಿಜಾದೇವಿ ಮೊದಲು ತಾನು ಕಚ್ಚಿ ನೋಡುತ್ತಿದ್ದಳು. ಖಾರ ಸಾಲದಿದ್ದರೆ, "ಇದಕ್ಕ ಇನ್ನೂ ಸಿಟ್ಟು ಬಂದಿಲ್ರೀ" ಎನ್ನುತ್ತಿದ್ದಳು.

ಮಗಳು ಅಂಕಿತಾ ಕ್ಯಾನರಿ ವಾರ್ಫಿನ ಆಫೀಸೊಂದರಲ್ಲಿ ಕೆಲಸ ಮಾಡುವವಳು. ಭಾನುವಾರ ಬಂದವಳು ಫೋನು ನೋಡುತ್ತ ಹೇಳಿದಳು: "ಅಪ್ಪಾ, ಎಲಿ ಸುಮ್ನ ಕೂಡೂದಿಲ್ಲ. ಹುಳ ಕಚ್ಚಿದ ಕೂಡ್ಲೇ ಖಾರ ಹೆಚ್ಚಿಸ್ಕೋತದ. ಒಂದು ಎಲಿಗೆ ಪೆಟ್ಟಾದ್ರ ಉಳಿದವೂ ರೆಡಿ ಆಗ್ತಾವ. ಫುಲ್ ಡಿಫೆನ್ಸ್!"

"ಅಂದ್ರ ಮೊದಲ ಸಿಟ್ಟು ಕಲಿಸಿದ್ರ ಆತು!"

ಮರುದಿನದಿಂದಲೇ ತಾಲೀಮು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪರಪ್ಪನವರು ಒಂದೊಂದೇ ಎಲೆಯ ಅಂಚನ್ನು ಉಗುರಿನಿಂದ ಚಿವುಟಿದರು. ಹುಳುವಿನ ಕಡಿತಕ್ಕೆ ಇದು ಸಮವಲ್ಲ ಎನಿಸಿ, ಕೈ ಹಿಂದೆ ಕಟ್ಟಿ, ಬಾಗಿ ಕಚ್ಚಿದರು. ಪಕ್ಕದ ಮನೆಯಜ್ಜಿ ಬೇಲಿಯ ಮೇಲಿಂದ ಇಣುಕಿ, "ಆರ್ ಯೂ ಆಲ್‌ರೈಟ್, ಡಿಯರ್?" ಎಂದಳು.

"ಟ್ರೇನಿಂಗ್!" ಎಂದರು, ಬಾಯಲ್ಲಿ ಎಲೆ ಇಟ್ಟುಕೊಂಡೇ.

ಘಾಟು ಹಿತ್ತಲೆಲ್ಲ ಹರಡಿತು. ಬಿಳಿ ಚಿಟ್ಟೆಗಳು ಬಂದವು. ನೋಡಲು ಬಂದಿವೆ, ಪಾಪ, ಎಂದುಕೊಂಡರು. ಕೆಲವು ದಿನಗಳಲ್ಲೇ ಹಸಿರು ಹುಳುಗಳು! ಅಂಕಿತಾ ಮತ್ತೆ ಬರುವಷ್ಟರಲ್ಲಿ ಗಿಡಗಳು ಬಟ್ಟೆ ಹರಿದ ಕೊಡೆಗಳಂತೆ ಬರೀ ಕಡ್ಡಿಯಾಗಿ ನಿಂತಿದ್ದವು. ಮೂಲೆಯ ಒಂದು ಗಿಡಕ್ಕೆ ಮಾತ್ರ ಎಲೆಯಿತ್ತು, ಮೊಗ್ಗಿತ್ತು. ಅದರ ಮೇಲೂ ಒಂದು ಹುಳುವಿತ್ತು.

"ಅಯ್ಯೋ ಅಪ್ಪಾ! ಆ ಖಾರ ಬ್ಯಾರೆ ಹುಳಕ್ಕ ವಿಷ. ಈ ಚಿಟ್ಟಿ ಅದೇ ವಾಸನಿ ಹಿಡ್ಕೊಂಡ ಹುಡುಕ್ಕೊಂಡು ಬರ್ತದ. ಇದರ ಮರಿಗೆ ಆ ಖಾರಾನ ಬೇಕು. ನೀ ದಿನಾ ಇನ್ವಿಟೇಶನ್ ಕಳ್ಸಿದಿ!"

ಪರಪ್ಪನವರು ಬಾಗಿ ಆ ಹುಳುವನ್ನು ನೋಡಿದರು. ಗಿರಿಜಾದೇವಿಯ ನಾಲಿಗೆಗೆ ಹೆದರಿ ನೆಂಟರು ಕುರ್ಚಿ ದೂರ ಎಳೆದುಕೊಳ್ಳುತ್ತಿದ್ದರು. ಇವರಿಗೋ, ಟ್ಯೂಬ್ ರೈಲು ಇಳಿದು ಮನೆ ಬಾಗಿಲು ತೆರೆದಾಗ ಆಕೆಯ ಒಂದು ಬೈಗುಳ ಕಿವಿಗೆ ಬಿದ್ದರೇನೇ ಹಸಿವಾಗುತ್ತಿತ್ತು.

"ಕಿತ್ತ ಒಗಿ ಅದನ್ನ," ಎಂದಳು ಅಂಕಿತಾ.

ಮೊಗ್ಗು ಉಳಿಯಬೇಕು, ನಿಜ. ಬೆರಳಿನ ಮೇಲೆ ಹುಳುವನ್ನು ಹತ್ತಿಸಿಕೊಂಡರು. ಒಗೆಯಲು ಕೈ ಬರಲಿಲ್ಲ. ರೇನರ್ಸ್ ಲೇನಿನ ಅಂಗಡಿಗೆ ಹೋಗಿ ಒಂದು ಕಟ್ಟು ಮೂಲಂಗಿ ಸೊಪ್ಪು ತಂದು, ಡಬ್ಬಿಯಲ್ಲಿ ಹಾಸಿ, ಹುಳುವನ್ನು ಮೆಲ್ಲಗೆ ಅದರ ಮೇಲೆ ಬಿಟ್ಟರು. ಅದು ಎಲೆಯನ್ನು ಮೂಸಿ, ತಲೆ ಎತ್ತಿ, ಸುಮ್ಮನೆ ಕೂತಿತು. ಸಂಜೆಯಾದರೂ ಒಂದು ತೂತಿಲ್ಲ.

"ಯಾಕೋ, ಅಂಗಡೀದು ಸೇರಂಗಿಲ್ಲೇನು?"

ಅಡುಗೆಮನೆಯಿಂದ ಅಂಕಿತಾ ಕೂಗಿದಳು: "ಅಪ್ಪಾ, ಹೋಟೆಲಿನ ರೊಟ್ಟಿ-ಪಲ್ಯ ಬಿಸಿ ಮಾಡೀನಿ. ಇವತ್ತರೆ ಉಣ್ಣು ಬಾ!"

ಪರಪ್ಪನವರು ಡಬ್ಬಿಯನ್ನು ಎದೆಗೆ ಆನಿಸಿಕೊಂಡರು.

"ನಮ್ಮಿಬ್ಬರಿಗೂ ಹಸಿವಿಲ್ಲವ್ವಾ."