ನೆಲದ ಮೇಲೆ ಕಾಕಾನ ಖಟ್ಲೆ

ಎಪ್ಪತ್ತು ದಾಟಿದರೂ ನಮ್ಮ ಕಾಕಾ ಒಮ್ಮೆಯೂ ಬಿದ್ದವರಲ್ಲ. ನೆಲವೇ ಎದ್ದು ಬಂದು ಅವರಿಗೆ ಬಡಿಯುತ್ತದೆ! ಇದು ನನ್ನ ಮಾತಲ್ಲ, ಅವರದೇ. ಹೇಳುವಾಗ ಅವರು ನೆಲದ ಮೇಲೆ ಬಿದ್ದುಕೊಂಡೇ ಇರುತ್ತಾರೆ, ಅದು ಬೇರೆ ಸಂಗತಿ.

ಶಹಾಬಾದಿನಲ್ಲಿ ಜೀವನವಿಡೀ ಮನೆಗಳ ನೆಲಕ್ಕೆ ಫರ್ಸಿ ಕಲ್ಲು ಹಾಸಿಸಿದ ಗುತ್ತಿಗೆದಾರರು. ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ರಸಮಟ್ಟ ತೆಗೆದು ನೆಲದ ಮೇಲಿಟ್ಟು, ಅದರ ಗುಳ್ಳೆ ನಡುವೆ ನಿಂತಿತೇ, ನೆಲ ಮಟ್ಟವಾಗಿದೆಯೇ ಎಂದು ನೋಡುವವರು. ಇತ್ತೀಚೆಗೆ ಅವರ ಕಾಲು ನೆಲಕ್ಕೆ ಅಂಟತೊಡಗಿತು. ಹಸಿ ಸಿಮೆಂಟಿನಲ್ಲಿ ನಡೆದಂತೆ ಕಾಲು ಅಗಲಿಸಿ ಎಳೆಯುತ್ತಿದ್ದರು, ತಿರುಗುವಾಗ ತೂರಾಡುತ್ತಿದ್ದರು. ತಪ್ಪು ಯಾರದು? ಕಲ್ಲಿನದು!

ಮೊದಲು ಅಡುಗೆಮನೆಯ ಫರ್ಸಿ ಕೀಳಿಸಿದರು. ಕಾಕಿ ಅಂಗಳದಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತ ಕಿರುಚಿದರು, “ಕಲ್ಲು ಕಿತ್ತಿದ್ದು ಸಾಕ್ರಿ, ಇನ್ನ ನನಗೂ ಕಿತ್ತಿ ಒಗೀರಿ!”

“ನೀ ಮಟ್ಟ ಅದಿ. ನಿನಗ ಯಾಕ ಕೀಳ್ಲಿ?”

ಹೊಸ ನೆಲವೂ ವಾರದೊಳಗೆ ಅವರನ್ನು ಬಡಿಯಿತು. ಭಂಕೂರಿನ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿ ಹೊಸ್ತಿಲಲ್ಲೇ ಉರುಳಿದರು. ಬಿದ್ದಲ್ಲಿಂದಲೇ, “ನಿಮ್ಮ ಮನಿ ನೆಲ ಬರೋಬ್ಬರಿ ಇಲ್ರಿ” ಎಂದು ತೀರ್ಪು ಕೊಟ್ಟರು. ಬೀಗರು ಮತ್ತೆ ಕರೆದಿಲ್ಲ. ಕೋಲು ಹಿಡಿಯಿರಿ ಅಂದರೆ, “ಹಿಡಿದ್ರ ನಾ ಹಾಸಿದ ಫರ್ಸಿ ಖರಾಬ್ ಅದ ಅಂತಾರ ಮಂದಿ” ಎಂಬ ಉತ್ತರ.

ಕೊನೆಗೆ ಕಲಬುರಗಿಯ ದವಾಖಾನೆಗೆ ಎಳೆದೊಯ್ದೆ. ಸ್ಕ್ಯಾನ್ ನೋಡಿದ ಡಾಕ್ಟರು, “ತಲೆಯೊಳಗೆ ನೀರು ಹೆಚ್ಚಾಗಿದೆ. ಆಪರೇಷನ್ ಮಾಡಿ ಸಣ್ಣ ನಳಿಗೆಯಿಂದ ಹೊಟ್ಟೆಗೆ ಇಳಿಸಿದರೆ ನಡಿಗೆ ಸುಧಾರಿಸಬಹುದು. ತಡ ಮಾಡಬೇಡಿ” ಎಂದರು.

ತಲೆಯ ಆ ನೀರು ಬೆನ್ನಿನವರೆಗೂ ಇಳಿದಿರುತ್ತದಂತೆ; ಪರೀಕ್ಷೆಗೆಂದು ಅಲ್ಲಿಂದ ಸ್ವಲ್ಪ ತೆಗೆದರು. ಕೆಲವು ತಾಸು ಕಳೆದ ಮೇಲೆ ಕಾಕಾ ದವಾಖಾನೆಯ ವರಾಂಡದಲ್ಲಿ ಮದುಮಗನಂತೆ ನಡೆದರು!

“ಈಗರೆ ಒಪ್ಕೋತೀರೇನು ಕಾಕಾ?”

“ನಾ ಮಲಗಿದ್ದಾಗ ನೆಲ ರಿಪೇರಿ ಮಾಡ್ಯಾರ ನೋಡು!”

ಇಂಥವರಿಗೆ ಯಾರು ಬುದ್ಧಿ ಹೇಳಬೇಕು? ಆಪರೇಷನ್ ಬೇಡವೆಂದು ಮನೆಗೆ ಬಂದರು. ಎರಡು ಮೂರು ದಿನದಲ್ಲಿ ನೀರು ಮತ್ತೆ ತುಂಬಿ ಕಾಲು ಅಂಟಿತು. ಬಚ್ಚಲಿಗೆ ಹೋಗುವಾಗ ವಾಲಿದರು. ಹಿಡಿಯಲು ಓಡಿದ ಕಾಕಿಯೂ ಅವರ ಕೆಳಗೆ ಸಿಕ್ಕು ಬಿದ್ದರು. ಕಾಕಿಯ ಮೊಣಕೈ ತರಚಿ ರಕ್ತ ಬಂತು.

ಕಾಕಾ ನೆಲವನ್ನು ಬೈಯಲಿಲ್ಲ. ಕುಳಿತಲ್ಲಿಂದಲೇ ರಸಮಟ್ಟ ತರಿಸಿ ಆ ಕಲ್ಲಿನ ಮೇಲಿಟ್ಟರು. ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ಅದನ್ನೇ ಬಹಳ ಹೊತ್ತು ನೋಡಿದರು.

“ನೆಲ ಮಟ್ಟ ಅದ” ಎಂದರು ಮೆಲ್ಲಗೆ. “ನನಗ ಅಂಜಿಕಿ ಬರ್ಲಿಕತ್ತದ. ದವಾಖಾನಿಗಿ ಹೋಗಮು ನಡಿ.”

ಈ ಸೋಲಿಗೆ ನಗಬೇಕೆಂದು ಎಷ್ಟು ದಿನದಿಂದ ಕಾದಿದ್ದೆ! ನಗು ಬರಲಿಲ್ಲ. ಕಾಕಿ ಗಾಯವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಅವರತ್ತ ಚಾಚಿದರು.

“ಇಲ್ರೀ, ಈ ಕಲ್ಲೇ ಜರಾ ಒಂದ್ ಕಡಿಗಿ ವಾಲ್ಯದ. ಏಳ್ರಿ.”