ಬೇಕಂತಲೇ ಸೋಲುವವರಿಗೆ ನಾನು ತಂದ ಕಾಯಿದೆ

ಗೆಲ್ಲಬೇಕೆಂಬ ಚಿಂತೆ ಎಲ್ಲರಿಗೂ ಇರುತ್ತದೆ. ಸೋತುಬಿಟ್ಟರೆ ಎಂಬ ಚಿಂತೆಯೂ ಬಹಳ ಜನಕ್ಕೆ ಇರುತ್ತದೆ. ಆದರೆ ನಾನು ಸೋತದ್ದು ನಿಜವಾದ ಸೋಲೇ ಎಂದು ನಾಲ್ಕು ಜನರನ್ನು ನಂಬಿಸುವುದು ಹೇಗೆಂಬ ಚಿಂತೆ ನನ್ನೊಬ್ಬನ ಪಾಲಿಗೇ ಬಂದದ್ದಿರಬೇಕು. ಚಿಂತೆ ನನಗೆ ಹೊಸದೇನಲ್ಲ. ಅಬುಧಾಬಿಯ ಖಲೀಫಾ ಸಿಟಿಯ ಮನೆಯಿಂದ ಹೊರಟು ದುಬೈ ಹೆದ್ದಾರಿ ಸೇರುವಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅನುಮಾನ ಬಂದು ಮುಂದಿನ ಯೂ-ಟರ್ನ್ ಹುಡುಕುವವನು ನಾನು. ವೀಸಾ ನವೀಕರಣವಾದ ದಿನ ಸಂಜೆಯೇ ಮುಂದಿನ ನವೀಕರಣದ ತಾರೀಖಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವವನು. ಇಂಥವನನ್ನು ಹುಡುಕಿ ನಮ್ಮ ಕನ್ನಡ ಬಳಗದ ಬಾಸ್ಕೆಟ್‌ಬಾಲ್ ಸಮಿತಿಗೆ ಕಾರ್ಯದರ್ಶಿ ಮಾಡಿದ್ದು ಯಾರು ಎಂಬುದನ್ನು ಈಗ ಯಾರೂ ಒಪ್ಪಿಕೊಳ್ಳುತ್ತಿಲ್ಲ.

ನಮ್ಮಲ್ಲಿ ನಾಲ್ಕು ತಂಡಗಳಿವೆ, ಅಬುಧಾಬಿಯವು ಎರಡು, ದುಬೈಯವು ಎರಡು. ಆಡುವವರಲ್ಲಿ ಹೆಚ್ಚಿನವರಿಗೆ ಬೆಲ್ಟಿನ ಕೊನೆಯ ತೂತೂ ಸಾಲದಾಗಿದೆ. ಆದರೂ ನಿಯಮಗಳನ್ನು ಮಾತ್ರ ಅಮೆರಿಕದ ವೃತ್ತಿಪರ ಲೀಗಿನಿಂದಲೇ ತಂದಿದ್ದೇವೆ. ಅಲ್ಲಿ ಕೆಳಗೆ ಬಿದ್ದ ತಂಡಗಳಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಒಂದಿಷ್ಟು ಅನುಕೂಲ ಮಾಡಿಕೊಡುತ್ತಾರೆ, ಬಲ ಇಲ್ಲದವರಿಗೂ ಬಲ ಬರಲಿ ಎಂದು. ನಾವು ಇನ್ನೂ ಧಾರಾಳಿಗಳು. ಕೊನೆಯ ಸ್ಥಾನದವರಿಗೇ ಮೊದಲ ಆಯ್ಕೆ ಎಂದು ಬರೆದುಕೊಂಡೆವು. ಈ ಅನುಕೂಲಕ್ಕಾಗಿ ಅಲ್ಲಿ ಕೆಲವು ತಂಡಗಳು ಬೇಕಂತಲೇ ಸೋಲುತ್ತವಂತೆ, ಅದನ್ನು ತಡೆಯಲಾರದೆ ಕೋಟು ಹಾಕಿದ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರಂತೆ ಎಂದು ಓದಿದಾಗ ನಾನು ನಕ್ಕಿದ್ದೆ. ಹಣ ಇದ್ದಲ್ಲಿ ಇವೆಲ್ಲ ಇದ್ದದ್ದೇ, ನಮ್ಮಲ್ಲಿ ಗೆದ್ದವರಿಗೆ ಸಿಗುವುದು ಒಂದು ಸ್ಟೀಲಿನ ಕಪ್ಪು ಮತ್ತು ಸಮಿತಿಯವರ ಭಾಷಣ, ಅದಕ್ಕಾಗಿ ಯಾರು ಮೋಸ ಮಾಡುತ್ತಾರೆ ಎಂದುಕೊಂಡಿದ್ದೆ.

ಆಮೇಲೆ ರೋಶನ್ ಬಂದ. ಮಂಗಳೂರಿನ ಕಡೆಯ ಹಲ್ಲಿನ ಡಾಕ್ಟರು, ದುಬೈಯಲ್ಲಿ ಕೆಲಸಕ್ಕೆ ಸೇರಿದ್ದ. ಯುಗಾದಿ ಊಟದ ದಿನ ಸಭಾಂಗಣದ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ ಆ ಹುಡುಗನನ್ನು ಕಂಡು ನಾಲ್ಕೂ ನಾಯಕರ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದೇನೆ ಎಂದು ಅವನು ಸಂಕೋಚದಿಂದ ಹೇಳಿದ. ಮುಂದಿನ ವರ್ಷದಿಂದ ಯಾವುದಾದರೂ ತಂಡಕ್ಕೆ ಸೇರುವುದೆಂದಾಯಿತು. ಮರುವಾರದಿಂದಲೇ ನಮ್ಮ ಲೀಗಿನಲ್ಲಿ ವಿಚಿತ್ರ ರೋಗಗಳು ಕಾಣಿಸಿಕೊಂಡವು. ಎಲ್ಲಕ್ಕಿಂತ ಹೆಚ್ಚು ಶೆಟ್ಟರ ತಂಡದಲ್ಲಿ. ಶೆಟ್ಟರು ಅಬುಧಾಬಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು, ಅಲ್ಲಿಯ ಒಂದು ತಂಡದ ನಾಯಕರು. ಅವರ ಒಳ್ಳೆಯ ಆಟಗಾರರಿಗೆಲ್ಲ ಒಟ್ಟಿಗೇ ಮಂಡಿನೋವು ಬಂತು. ಪಂದ್ಯ ಬಿರುಸಾದಾಗ ಅತ್ಯುತ್ತಮ ಗುರಿಕಾರನನ್ನು ನೀರಿನ ಬಾಟಲಿ ತರಲು ಕಳಿಸಿದರು. ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಸಿಕ್ಕಾಗ ಏನು ಶೆಟ್ಟರೇ ಇದೆಲ್ಲ ಎಂದು ಕೇಳಿದೆ. ವಯಸ್ಸಾಯ್ತಲ್ಲ ಮಾರಾಯ್ರೆ, ಕಣ್ಣು ಮಂಜು ಎಂದರು. ಹಾಗೆಂದವರು ಮರುಕ್ಷಣವೇ ಮೂರಂಗಡಿ ಆಚೆಯ ಅಂಜಲ್ ಮೀನಿನ ಕಿವಿರು ಕೆಂಪಗಿದೆಯೆಂದು ಗುರುತಿಸಿ ಅತ್ತ ನಡೆದರು.

ನನಗೆ ನಿದ್ದೆ ಬರಲಿಲ್ಲ. ಸಮಿತಿಯಲ್ಲಿ ಒಂದು ಕಾಯಿದೆ ಮಂಡಿಸಿದೆ: ಕೊನೆಯ ಸ್ಥಾನಕ್ಕೆ ಬಂದ ತಂಡ ತಾನು ಪ್ರಾಮಾಣಿಕವಾಗಿಯೇ ಸೋತದ್ದೆಂದು ಸಮಿತಿಗೆ ಮನವರಿಕೆ ಮಾಡಬೇಕು, ಇಲ್ಲದಿದ್ದರೆ ಮೊದಲ ಆಯ್ಕೆ ಅದಕ್ಕಿಂತ ಮೇಲಿನ ತಂಡಕ್ಕೆ ಹೋಗುತ್ತದೆ. ಅಧ್ಯಕ್ಷೆ ಡಾಕ್ಟರ್ ಪಾಟೀಲ್ ಮೇಡಂ ಮೆಚ್ಚಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಶೆಟ್ಟರು. ಅದೇಕೆಂದು ಮನೆಗೆ ಬಂದು ಹೆಂಡತಿಗೆ ಹೇಳುವಾಗ ಹೊಳೆಯಿತು. ಅವಳು ಹುಬ್ಬಳ್ಳಿಯವಳು, ಸುತ್ತಿ ಬಳಸಿ ಹೇಳುವ ಪೈಕಿಯವಳಲ್ಲ. "ಅಲ್ರೀ, ಕೊನೀಗೆ ಬರೋದು ನಿಮ್ಮ ತಂಡಾನೇ ಅಲ್ಲೇನು?" ಎಂದಳು.

ಹೌದು, ನಾನೂ ಒಂದು ತಂಡದ ನಾಯಕ. ಖಲೀಫಾ ಸಿಟಿ ತಂಡ. ಆ ವರ್ಷ ನಾವು ಒಂದೇ ಒಂದು ಪಂದ್ಯ ಗೆದ್ದಿದ್ದೆವು, ಎದುರಾಳಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿ ಬಾರದೇ ಹೋದ ದಿನ. ಶೆಟ್ಟರ ತಂಡವೂ ಸೋತು ಸೋತು ನಮ್ಮ ಮಟ್ಟಕ್ಕೆ ಇಳಿದಿತ್ತು. ತಾವೇ ಕೊನೆಗೆ ಬಂದರೆ ಸಮಿತಿಗೆ ತೋರಿಸಲು ಮಂಡಿನೋವಿನ ಸರ್ಟಿಫಿಕೇಟುಗಳೂ ಅವರಲ್ಲಿ ತಯಾರಿದ್ದವು. ಕೊನೆಯ ಪಂದ್ಯ ನಮ್ಮಿಬ್ಬರದೇ, ಸೋತವರೇ ಕೊನೆಯವರು. ನಾವು ಸೋತರೆ ರೋಶನ್‌ಗಾಗಿ ಸೋತರು, ಕಾಯಿದೆ ತಂದವನೇ ಕಳ್ಳ ಎನ್ನುತ್ತಾರೆ. ಈ ಊರಲ್ಲಿ ಕನ್ನಡದವರು ಎಷ್ಟೇ ಇದ್ದರೂ ಮದುವೆ, ನಾಮಕರಣ, ಪಿಕ್ನಿಕ್ಕು ಎಲ್ಲದಕ್ಕೂ ಸಿಗುವುದು ಅದೇ ಮುಖಗಳು. ಅವರ ಮುಂದೆ ಕಳ್ಳನಾಗಿ ಬದುಕುವುದು ಹೇಗೆ? ತಂಡದವರನ್ನು ಕೂರಿಸಿಕೊಂಡು, ರೋಶನ್ ಹೋದರೆ ಹೋಗಲಿ, ಮಾನ ಉಳಿಯಬೇಕು, ಈ ಸಲ ಗೆಲ್ಲಲೇಬೇಕು ಎಂದು ಕಳಕಳಿಯಿಂದ ಹೇಳಿದೆ. ಗದಗಿನ ಶಿವಾನಂದ, ಎ.ಸಿ. ರಿಪೇರಿ ಮಾಡುವವನು, ತಲೆ ತುರಿಸಿಕೊಂಡ. "ಸರ್, ಗೆಲ್ಲೂದು ಬ್ಯಾಡ ಅಂತ ನಾವ್ ಯಾವಾಗ ಅಂದೀವ್ರೀ? ಬರಂಗಿಲ್ಲ, ಅಷ್ಟ."

ಪಂದ್ಯ ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಒಳಾಂಗಣದಲ್ಲಿ. ಶೆಟ್ಟರ ತಂಡ ನಮಗೆ ಮದುವೆ ಮನೆಯ ಉಪಚಾರ ಮಾಡಿತು. ಚೆಂಡು ಹಿಡಿದು ಹೊರಟರೆ ಇಬ್ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಒಮ್ಮೆ ನಾನು ಬುಟ್ಟಿಯ ಕೆಳಗೆ ಒಬ್ಬನೇ ನಿಂತಿದ್ದೆ, ಸುತ್ತ ನರಪಿಳ್ಳೆ ಇಲ್ಲ. ಶೆಟ್ಟರು ದೂರದಿಂದಲೇ, ಗಡಿಬಿಡಿ ಇಲ್ಲ ಸರ್, ನಿಧಾನಕ್ಕೆ ಹಾಕಿ ಎಂದು ಧೈರ್ಯ ತುಂಬಿದರು. ನಿಧಾನಕ್ಕೇ ಹಾಕಿದೆ. ಚೆಂಡು ಹಲಗೆಯ ಅಡಿಗೆ ಬಡಿದು ನನ್ನ ತಲೆಯ ಮೇಲೇ ಬಿತ್ತು. ಶಿವಾನಂದ ಎಸೆದದ್ದು ನೇರ ಪಾಟೀಲ್ ಮೇಡಂ ಮಡಿಲಿಗೆ ಹೋಯಿತು. ಕಡೆಯ ನಿಮಿಷದವರೆಗೂ ಎರಡೂ ಕಡೆ ಸಮಸಮ. ಆಗ ಶೆಟ್ಟರು ಚೆಂಡನ್ನು ಹೊರಗೆ ಕಳೆದುಬಿಡೋಣವೆಂದು ಹಿಂದೆ ನೋಡದೆ ಎಸೆದರು. ಅದು ಯಾರನ್ನೂ ಮುಟ್ಟದೆ ನಮ್ಮ ಬುಟ್ಟಿಯೊಳಗೆ ಇಳಿಯಿತು. ಪಂದ್ಯ ಮುಗಿಯಿತೆಂದು ರೆಫರಿ ಸೀಟಿ ಊದಿದರು. ಗೆದ್ದ ಶೆಟ್ಟರು ತಲೆಯ ಮೇಲೆ ಕೈಹೊತ್ತು ಕುಳಿತರು. ಸೋತ ನಾವೇ ಹೋಗಿ ಸಮಾಧಾನ ಮಾಡಬೇಕಾಯಿತು.

ವಿಚಾರಣೆ ಅಲ್ಲೇ ನಡೆಯಿತು. ಬೇಕಂತಲೇ ಸೋಲಲಿಲ್ಲ ಎಂದು ಯಾವ ಸಾಕ್ಷಿ ತರುವುದು? ಕೊನೆಗೆ ಮೇಡಂ ಶೆಟ್ಟರನ್ನೇ ಕೇಳಿದರು. ನಮ್ಮದು ನಾಟಕ ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ರೋಶನ್ ಅವರವನಾಗುತ್ತಿದ್ದ. ಶೆಟ್ಟರು ನನ್ನ ಕಡೆಗೂ ಶಿವಾನಂದನ ಕಡೆಗೂ ಕೈ ತೋರಿಸಿದರು.

"ಮೇಡಂ, ಸುಳ್ಳು ಯಾಕೆ ಹೇಳ್ಬೇಕು? ಸೋಲ್ಲಿಕ್ಕೆ ಎಷ್ಟು ಕಷ್ಟ ಉಂಟು ಅಂತ ನಮಗೆ ಗೊತ್ತುಂಟು, ನಾವು ಪ್ರಯತ್ನ ಮಾಡಿ ನೋಡಿದವರು. ಇವರದ್ದು ಹಾಗಲ್ಲ. ಇವರದ್ದು ಹುಟ್ಟಿನಿಂದ ಬಂದದ್ದು."

ಸಭೆ ಒಮ್ಮತದಿಂದ ನಮ್ಮನ್ನು ನಿರ್ದೋಷಿಗಳೆಂದು ಸಾರಿತು. ರೋಶನ್ ಬಂದು ನನ್ನ ಕೈ ಕುಲುಕಿದ. ಅವನ ಮುಖದಲ್ಲಿ ಇದ್ದದ್ದು ಸಂತೋಷವೇ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಳು. ನನಗೆ ಮಾತ್ರ ಹೊಸದೊಂದು ಚಿಂತೆ ಹತ್ತಿತ್ತು. ಮುಂದಿನ ವರ್ಷ ರೋಶನ್ ಇರುತ್ತಾನೆ. ಅಪ್ಪಿತಪ್ಪಿ ನಾವು ಗೆದ್ದುಬಿಟ್ಟರೆ? ನಮ್ಮಂಥವರ ಕೈಯಲ್ಲಿ ಸೋತವರು ಬೇಕಂತಲೇ ಸೋಲಲಿಲ್ಲವೆಂದು ಯಾವ ಸಮಿತಿ ನಂಬೀತು? ಪಾಪ, ಅವರ ಮಾನದ ಗತಿ? ಅವಳನ್ನು ಎಬ್ಬಿಸಿ ಕೇಳಿದೆ.

"ಸುಮ್ನ ಗಾಡಿ ಹೊಡೀರಿ," ಎಂದಳು ಕಣ್ಣು ತೆರೆಯದೆ. "ನೀವು ಇರೂತನಕಾ ಆ ಭಯ ಇಲ್ಲ."